ರಜಾ ಇಲ್ಲದವಳು

ಏಪ್ರಿಲ್ ೧೯, ೨೦೨೩. ಮುಳಗುಂದ

ಬರೆಯುವ ಈ ಚಟ ಹಚ್ಚಿದವರು ಕಳಕೇಶ ಸರ್. ಬೆಟಗೇರಿಯ ನಮ್ಮ ಸೈಕಲ್ ಕ್ಲಬ್ಬಿನ ಹುಡುಗಿಯರಿಗೆಲ್ಲ ಒಂದೊಂದು ವಹಿ ಕೊಟ್ಟು, ಎಷ್ಟು ತುಳಿದಿರಿ, ಏನು ತಿಂದಿರಿ, ಎಷ್ಟು ನಿದ್ದೆ ಮಾಡಿದಿರಿ, ಎಲ್ಲ ಬರೆಯಿರಿ ಎಂದಿದ್ದಾರೆ. ಅವರಿಗೆ ತೋರಿಸುವ ವಹಿ ಬೇರೆ. ಇದು ನನ್ನದು, ಇದರಲ್ಲಿ ಯಾರಿಗೂ ‘ಸರ್’ ಎನ್ನಬೇಕಾಗಿಲ್ಲ. ಮೊದಲ ಸಾಲಿನಲ್ಲೇ ಅಂದುಬಿಟ್ಟೆ, ಇರಲಿ.

ರಮಜಾನ್ ಮುಗಿಯುತ್ತ ಬಂತು. ನಸುಕಿನಲ್ಲಿ ಸಹರಿಗೆ ಎದ್ದು ಮನೆಯವರೆಲ್ಲ ರೊಟ್ಟಿ, ಅನ್ನ ಎಂದು ಗಟ್ಟಿಯಾಗಿ ತಿಂದುಕೊಳ್ಳುತ್ತಾರೆ. ನಾನು ಎರಡು ಖಜೂರ ಬಾಯಿಗೆ ಹಾಕಿಕೊಂಡು, ಒಂದು ತಂಬಿಗೆ ನೀರು ಕುಡಿದು, ಬೆಳಕು ಹರಿಯುವ ಹೊತ್ತಿಗೆ ಲಕ್ಷ್ಮೇಶ್ವರದ ರಸ್ತೆಯಲ್ಲಿರುತ್ತೇನೆ.

“ರೋಜಾದಾಗ ಸೈಕಲ್ ತುಳದರ ಬಾಯಿ ಆರತೈತವಾ” ಎಂದು ಅವ್ವ ದಿನಾ ಹೇಳುತ್ತಾಳೆ. ಆರಲಿ. ಬಾಯಿ ಆರಿದಷ್ಟೂ ಕಾಲು ಹಗುರ. ಜುಲೈಯಲ್ಲಿ ವಿಜಯಪುರದಲ್ಲಿ ಆಯ್ಕೆ ಇದೆ. ಅಲ್ಲಿ ಮೊದಲು ಬಂದವರಿಗೆ ದಿಲ್ಲಿಯ ಶಿಬಿರ, ಅಲ್ಲಿಂದ ಮುಂದೆ ದೇಶದ ಹೆಸರಿರುವ ಅಂಗಿ. ನನಗೆ ಈಗ ಇಪ್ಪತ್ತೆರಡು. ಈ ಸಲ ಆಗದಿದ್ದರೆ ಮುಂದಿನ ಸಲ ಆಗುತ್ತದೆ ಎಂದು ಹೇಳುವವರು ಯಾರೂ ಸೈಕಲ್ ಹತ್ತಿದವರಲ್ಲ. ಸರ್ ಹೇಳಿದ್ದರ ಮೇಲೆ ನನ್ನದೊಂದು ಸಂಜೆಯ ಓಟ ಸೇರಿಸಿಕೊಂಡಿದ್ದೇನೆ. ಅದನ್ನು ಅವರ ವಹಿಯಲ್ಲಿ ಬರೆಯುವುದಿಲ್ಲ.

ಈ ವರ್ಷ ನನ್ನ ಒಂದು ರೋಜಾ ಕೂಡ ತಪ್ಪಿಲ್ಲ. ಅವ್ವನಿಗೂ ಅಣ್ಣನ ಹೆಂಡತಿ ವೈನಿಗೂ ನಡುವೆ ರಜಾ ಬಂತು. ನಮ್ಮ ಮನೆಯ ಹೆಂಗಸರ ಬಾಯಲ್ಲಿ ರಜಾ ಎಂದರೆ ತಿಂಗಳದ್ದು. ನಮಾಜಿಗೆ ರಜಾ, ರೋಜಾಕ್ಕೆ ರಜಾ. ಹಬ್ಬ ಮುಗಿದ ಮೇಲೆ ಬಿಟ್ಟ ರೋಜಾಗಳನ್ನೆಲ್ಲ ಒಂದೊಂದಾಗಿ ಹಿಡಿದು ತೀರಿಸಬೇಕು, ಅದಕ್ಕೆ ಬಾಕಿ ಎನ್ನುತ್ತಾರೆ. ನನಗೆ ರಜಾನೂ ಇಲ್ಲ, ಬಾಕಿಯೂ ಇಲ್ಲ. ಹೋದ ಮಳೆಗಾಲದಿಂದ ಬಂದೇ ಇಲ್ಲ. ಗಟ್ಟಿ ತಾಲೀಮು ಮಾಡುವವರಿಗೆ ಹಾಗೇ ಆಗುತ್ತದೆ, ದೊಡ್ಡ ದೊಡ್ಡ ಆಟಗಾರ್ತಿಯರಿಗೆಲ್ಲ ಆಗುತ್ತದೆ ಎಂದು ಅನ್ನಪೂರ್ಣ ಹೇಳಿದಳು. ಹಿರೇವಡ್ಡಟ್ಟಿಯವಳು, ಕ್ಲಬ್ಬಿನಲ್ಲಿ ಯಾವಾಗಲೂ ನನ್ನ ಬೆನ್ನಿಗೇ ಅಂಟಿಕೊಂಡು ಎರಡನೆಯವಳಾಗಿ ಬರುವವಳು. ಪೀಡೆ ಕಳೆಯಿತು ಎಂದುಕೊಂಡೆ.

ಏಪ್ರಿಲ್ ೨೬

ಇವತ್ತು ನಡೆದದ್ದನ್ನು ನೆನೆದರೆ ನಗು ಬರುತ್ತದೆ, ಹಿಂದೆಯೇ ಸಿಟ್ಟು ಬರುತ್ತದೆ.

ಹಬ್ಬದ ಸುರಕುಂಬಾ ಕುಡಿಯಲು ಕಳಕೇಶ ಸರ್ ಮನೆಗೆ ಬಂದಿದ್ದರು. ಅಪ್ಪ ಗಾದಿ ಹೊಲಿಯುವ ಪಡಸಾಲೆಯಲ್ಲಿ ಹೊಸ ಗಾದಿಯೊಂದನ್ನು ಮಡಚಿ ಹಾಕಿ ಕೂರಿಸಿದ. ಸರ್ ಬಟ್ಟಲು ಕೈಗೆ ತೆಗೆದುಕೊಂಡವರೇ ಹೊಗಳಲು ಶುರು ಮಾಡಿದರು.

“ಗುಡುಸಾಬರ, ನಿಮ್ಮ ಮಗಳಂಥಾಕಿ ನನ್ನ ಕೈಯಾಗ ಇನ್ನೊಬ್ಬಾಕಿ ಇಲ್ಲ ಬಿಡ್ರಿ. ಗುಲ್ನಾಜಗ ರಜಾ ಅನ್ನೋದ ಇಲ್ಲ. ವರ್ಷ ಆಗಾಕ ಬಂತು, ಒಂದ ರಜಾ ಇಲ್ಲ.”

ಬಾಳೆಹಣ್ಣಿನ ತಟ್ಟೆ ಹಿಡಿದು ಬರುತ್ತಿದ್ದ ಅವ್ವ ಹೊಸ್ತಿಲಲ್ಲೇ ನಿಂತಳು. ರುಹಿ ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

“ಅದು ನಿಮಗ ಹೆಂಗ ಗೊತ್ತಾತ್ರಿ?” ಎಂದಳು ಅವ್ವ.

“ನಾನ ಬರಕೊಂಡ ಇಟ್ಟೀನಲ್ಲರಿ. ಎಲ್ಲಾ ಹುಡುಗ್ಯಾರದೂ ಬರಕೋತೀನಿ. ಆ ಅನ್ನಪೂರ್ಣಾಂದು ನೋಡ್ರಿ, ತಿಂಗಳಿಗೆ ಎರಡ ಸಲ ರಜಾ. ಎಲ್ಲಾರ ಮುಂದ ಬೈತೀನಿ ಆಕಿಗೆ.”

ಅವ್ವನ ಮುಖ ನೋಡಬೇಕಿತ್ತು. ಅಪ್ಪ ಮಾತ್ರ ಸೂಜಿಗೆ ದಾರ ಪೋಣಿಸುತ್ತ ಕುಳಿತಿದ್ದ, ತಲೆ ಎತ್ತಲಿಲ್ಲ.

ಸರ್ ಅತ್ತ ಹೋದದ್ದೇ ತಡ, ಅವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ಆ ಮನಶ್ಯಾ ಹೆಣ್ಣಮಕ್ಕಳ ರಜಾ ಬರಕೊಂಡ ಅಡ್ಡಾಡ್ತಾನ?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ಸೂಟಿ ಅವ್ವಾ, ಸೂಟಿ. ಕ್ಲಬ್ಬಿಗೆ ಹೋಗಲಾರದ ಮನ್ಯಾಗ ಕುಂಡ್ರೂದು” ಎಂದು ಬಿಡಿಸಿ ಹೇಳಿದೆ. ಮೂವರೂ ನಕ್ಕೆವು. ಮೊದಲು ನಗು ನಿಲ್ಲಿಸಿದವಳು ಅವ್ವ.

“ಹೌದ, ಈ ಸಲ ನಿನ್ನ ಬಾಕಿ ಎಷ್ಟ?”

“ಇಲ್ಲ.”

“ಒಂದೂ ಇಲ್ಲ?”

“ಒಂದೂ ಇಲ್ಲ.”

ರಜಾದಲ್ಲೂ ಯಾರಿಗೂ ಹೇಳದೆ ರೋಜಾ ಹಿಡಿದಿದ್ದೇನೆ ಎಂದುಕೊಂಡಳು. “ಹಂಗ ಹಿಡಿಯೂದು ಕೂಡೂದಿಲ್ಲ, ಗುನಾ ಹತ್ತತೈತಿ” ಎಂದು ಬೈದಳು. “ಬಂದ ಇಲ್ಲ” ಎಂದೆ. ಯಾವಾಗಿನಿಂದ ಎಂದಳು. ಹೇಳಿದೆ. ವೈನಿಯನ್ನು ಹೊರಗೆ ಕಳಿಸಿ, ನನ್ನ ಕೈ ಹಿಡಿದುಕೊಂಡು, ಮಗಳನ್ನು ಯಾವ ತಾಯಿಯೂ ಕೇಳಲು ಬಯಸದ ಮಾತನ್ನು ಕೇಳಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. “ನನ್ನ ಬೆನ್ನ ಹತ್ತಿ ಬರೂದು ಗಾಳಿ ಒಂದ. ಅದನ್ನೂ ಹಿಂದ ಹಾಕ್ತೀನಿ” ಎಂದು ಒದರಿದೆ. ಅವ್ವ ಗದರಲಿಲ್ಲ. “ಹಂಗಾದರ ಡಾಕ್ಟರ್‌ಬಾಯಿ ಕಡೆ ಹೋಗೂಣು. ನಿಮ್ಮಪ್ಪಗ ಹೇಳೂದು ಬ್ಯಾಡ” ಎಂದಳು. ಬರುವುದಿಲ್ಲ ಎಂದೆ. ನನಗಾಗಿ ತೆಗೆದಿಟ್ಟ ಸುರಕುಂಬಾ ಸಂಜೆಯವರೆಗೂ ಹಾಗೇ ಇತ್ತು. ಹಾಲು, ಸಕ್ಕರೆ, ತುಪ್ಪ, ಅದನ್ನು ಕುಡಿದರೆ ಕಪ್ಪತಗುಡ್ಡದ ಏರನ್ನು ಹತ್ತುವುದು ಯಾರು.

ಮೇ ೫

ಗದಗಿನಿಂದ ಮುಂಡರಗಿ, ಅಲ್ಲಿಂದ ಸಿಂಗಟಾಲೂರಿನ ಬ್ಯಾರೇಜು, ಮತ್ತೆ ವಾಪಸ್ಸು. ಬ್ಯಾರೇಜಿನ ಮೇಲೆ ನಿಂತು ಹೊಳೆ ನೋಡುವವರು ನೋಡಲಿ, ನಾನು ಮುಟ್ಟಿ ತಿರುಗಿಸಿದೆ. ಅನ್ನಪೂರ್ಣ ಡಂಬಳದ ಹತ್ತಿರವೇ ಹಿಂದೆ ಬಿದ್ದಳು. ಖುಷಿಯಾಯಿತು. ಆದರೆ ಖುಷಿಯಿಂದ ಕೂರಲು ಆಗಲಿಲ್ಲ. ಎಡಗಡೆ ಸೊಂಟದಲ್ಲಿ ಯಾರೋ ಗಾದಿಯ ದಬ್ಬಣ ಚುಚ್ಚಿ ಮರೆತುಹೋದಂತಿದೆ. ಕೂತರೆ ನೋವು, ನಿಂತರೆ ಕಾಲು ಕುಣಿಯುತ್ತವೆ, ಮಲಗಿದರೆ ಮಲಗಿದ್ದೇನಲ್ಲ ಎಂದು ಸಿಟ್ಟು ಬರುತ್ತದೆ.

ಮೇ ೧೧

ಮಾಳಿಗೆ ಹತ್ತುವಾಗ ಎಡಗಾಲು ಎತ್ತಲಾಗಲಿಲ್ಲ. ಅವ್ವ ನೋಡಿದಳು. ಇನ್ನು ಮಾತಿಲ್ಲ, ಗದಗಿಗೆ ಹೋಗಿ ರಕ್ತ ಕೊಟ್ಟು, ಎಲುಬಿನ ಫೋಟೋ ತೆಗೆಸಿ ಬಂದೆವು. ಬಳೆ ಇಡಿಸಿಕೊಳ್ಳಲು ಹೋಗುತ್ತೇವೆ ಎಂದು ಅಪ್ಪನಿಗೆ ಹೇಳಿದ್ದಳು. ಬುದ್ಧಿ ಬಂದಾಗಿನಿಂದ ನಾನು ಬಳೆ ಇಟ್ಟವಳಲ್ಲ. ಅಪ್ಪ ಅದನ್ನೂ ಕೇಳಲಿಲ್ಲ. ಹೇಳಿದ ಸುಳ್ಳು ಸುಳ್ಳಾಗಬಾರದು ಎಂದು ಅವ್ವ ಖರೇನೇ ಬಳೆ ಇಡಿಸಿದಳು. ಬಸ್ಸಿನಲ್ಲಿ ಕೈ ಆಡಿಸಿದಾಗೊಮ್ಮೆ ಸಪ್ಪಳ. ಈ ಕೈ ನನ್ನದಲ್ಲ ಎಂದು ಕಿಟಕಿಯ ಹೊರಗೆ ನೋಡುತ್ತ ಬಂದೆ.

ಮೇ ೧೮

ಡಾಕ್ಟರ್‌ಬಾಯಿ ಗದಗಿನವರೇ. ಬಾಯಿ ಸಡಿಲ ಬಿಟ್ಟು ನಮ್ಮಂತೆಯೇ ಮಾತಾಡುತ್ತಾರೆ. ಫೋಟೋವನ್ನು ಬೆಳಕಿಗೆ ಹಿಡಿದರು.

“ಸೊಂಟದ ಎಲುಬಿನ್ಯಾಗ ಕೂದಲೆಳಿಯಷ್ಟ ಬಿರುಕ ಐತಿ. ಬಿದ್ದು ಆಗಿದ್ದಲ್ಲ ಇದು. ಎಲುಬು ತೆಳ್ಳಗಾಗ್ಯಾವು, ನಿಮ್ಮವ್ವನಕಿಂತ ತೆಳ್ಳಗ.”

ಅವ್ವ ತನ್ನ ಮುಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ನಾ ಅರಾಮ ಅದೀನ್ರಿ. ತಿಂಗಳದ್ದು ನಿಲ್ಲೂದು ಎಲ್ಲಾ ಆಟಗಾರರಿಗೂ ಆಕ್ಕೈತಂತ” ಎಂದೆ.

“ಯಾರ ಹೇಳಿದ್ರು ನಿನಗ? ನೋಡವಾ, ಮನಿಯಾಗ ಕಾಳು ಕಡಿಮಿ ಆದರ ಮೊದಲ ಏನ ಬಿಡ್ತೀರಿ? ಸಿಹಿ ಬಿಡ್ತೀರಿ, ಹಬ್ಬಾ ಬಿಡ್ತೀರಿ. ಒಲಿ ಹತ್ತಿದರ ಸಾಕು ಅಂತೀರಿ. ನಿನ್ನ ಮೈನೂ ಹಂಗ ಮಾಡೈತಿ. ನೀ ತುಳಿಯೂದಕ್ಕ ತಕ್ಕಷ್ಟ ತಿಂದಿಲ್ಲ, ಅದು ಒಂದೊಂದ ಬಿಟಗೋಂತ ಹೊಂಟೈತಿ.”

“ಜುಲೈದಾಗ ಆಯ್ಕೆ ಐತ್ರಿ.”

“ಜುಲೈದಾಗ ನೀ ಮನ್ಯಾಗ ಇರ್ತಿ. ಮೊದಲ ಬಿರುಕ ಕೂಡಲಿ. ಆಮ್ಯಾಲ ಹಗೂರಕ ತುಳಿ. ಪೈಪೋಟಿ ಮಾತ್ರ ನಿಂದು ತಿಂಗಳದ್ದು ತಿರುಗಿ ಬಂದ ಮ್ಯಾಲನ.”

“ಬರದಿದ್ದರ?”

“ತಿಂದರ ಬರತೈತಿ.”

ಇಷ್ಟು ವರ್ಷ ಬೆವರು ಸುರಿಸಿ ಕಟ್ಟಿದ ಮೈ, ಅದರ ಕೀಲಿಕೈ ಈಗ ಒಂದು ದರಿದ್ರ ರಜಾದ ಕೈಯಲ್ಲಿ. ಬಂದರೆ ಸೈಕಲ್, ಬರದಿದ್ದರೆ ಮನೆ. ಇಂಥ ಅನ್ಯಾಯ ಗಂಡು ಹುಡುಗರಿಗಿದೆಯೇ.

ಮೇ ೧೯

ತುಳಿಯಲಿಲ್ಲ. ಬರೆಯುವುದಕ್ಕೂ ಏನೂ ಇಲ್ಲ.

ಮೇ ೨೮

ಬಸ್ಸಿನಲ್ಲಿ ಬೆಟಗೇರಿಗೆ ಹೋದೆ. ಕ್ಲಬ್ಬಿನ ಮುಂದೆ ಸರ್ ಸೈಕಲ್ ತಲೆಕೆಳಗೆ ಮಾಡಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಸೊಂಟದ ಬಿರುಕಿನ ಮಾತು ಹೇಳಿದೆ, ಚುಕ್‌ಚುಕ್ ಎಂದರು. ಯಾಕೆ ಆಯಿತು ಎಂದು ಕೇಳಿದರು. ಸುತ್ತಿ ಬಳಸಿ ಹೇಳುವ ಬುದ್ಧಿ ನನಗಿಲ್ಲ.

“ಸರ್, ನನಗ ತಿಂಗಳದ್ದು ನಿಂತೈತ್ರಿ. ವರ್ಷ ಆಗಾಕ ಬಂತು.”

ಸರ್ ಎಣ್ಣೆಯ ಡಬ್ಬಿ ಹಿಡಿದು ಚೈನಿನ ಒಂದೇ ಕೊಂಡಿಗೆ ಬಿಡುತ್ತ ಹೋದರು. ಎಣ್ಣೆ ನೆಲಕ್ಕೆ ಸೋರಿತು. ಕಿವಿ ಕೆಂಪಾಗಿದ್ದವು. ಆಮೇಲೆ ನೆಲ ನೋಡುತ್ತಲೇ ಹೇಳಿದರು, “ನೀ ಹೇಳಿದ್ದು ಚಲೋ ಆತು. ನನಗ ಕೇಳಾಕ ಬರಬೇಕಿತ್ತವಾ, ಬರಲಿಲ್ಲ.”

“ಆಯ್ಕೆಗೆ ಹೋಗ್ತೀನಿ ಸರ್. ಒಂದ ದಿನದ ಮಾತು. ಡಾಕ್ಟರ್‌ಬಾಯಿ ಕೇಳಿದ್ರ ಹೇಳಬ್ಯಾಡ್ರಿ.”

“ನಿನ್ನ ಹೆಸರು ಕಳಸೂದಿಲ್ಲ ನಾ.”

“ಅನ್ನಪೂರ್ಣಾ ಸಿಕ್ಕಾಳಲ್ಲ ನಿಮಗ, ಇನ್ನ ನಾ ಯಾಕ ಬೇಕ?” ಎಂದೆ. ಮೂರು ವರ್ಷ ಮಳೆ ಬಿಸಿಲು ಎನ್ನದೆ ಮೋಟರ್‌ಸೈಕಲ್ ಮೇಲೆ ನನ್ನ ಹಿಂದೆ ಬಂದ ಮನುಷ್ಯನಿಗೆ ಹಾಗೆ ಅಂದೆ. ಅವರು ಸೈಕಲ್ಲನ್ನು ನೆಟ್ಟಗೆ ಮಾಡಿ ಚಕ್ರ ತಿರುಗಿಸಿ ನೋಡಿದರು. ಅದಕ್ಕೂ ಸಿಟ್ಟು ಬಂತು.

ಜೂನ್ ೮

ಮನೆ ಎಂದರೆ ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಹತ್ತಿ, ಅಡುಗೆಮನೆಯಲ್ಲಿ ಹತ್ತಿ, ಅನ್ನದ ತಟ್ಟೆಯಲ್ಲೂ ಒಂದು ಎಳೆ ಹತ್ತಿ. ಸಮೀವುಲ್ಲಾ ಅಣ್ಣ ಟಂಟಂ ಗಾಡಿಯಲ್ಲಿ ಗಾದಿ ಹೇರಿಕೊಂಡು ಶಿರಹಟ್ಟಿಯ ಕಡೆ ಹೋದರೆ, ಹೋಗುವವನನ್ನು ಕಂಡು ಹೊಟ್ಟೆ ಉರಿಯುತ್ತದೆ. ಗಾಡಿಯ ಹಾರ್ನ್ ಕೇಳಿದರೆ ಕಾಲು ತಾವೇ ಸುತ್ತಲು ಶುರು ಮಾಡುತ್ತವೆ. ಅಪ್ಪ ಒಂದು ಗಾದಿಯ ಮೂಲೆ ನನ್ನ ಕಡೆ ಸರಿಸಿ ದಬ್ಬಣ ಕೊಟ್ಟ. ಸೊಟ್ಟ ಹೊಲಿದೆ. ಅವನು ಬಿಚ್ಚಲಿಲ್ಲ, ಅದನ್ನೇ ಮಾರಿದ.

ಅವ್ವ ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಅಂಟಿನುಂಡಿ ಕಟ್ಟಿದಳು. ಹುರಿದ ವಾಸನೆ ಓಣಿಯ ತುಂಬ ಹೋಯಿತು. ಅಂಟಿನುಂಡಿ ಎಂದರೆ ಬಾಣಂತಿಯ ಊಟ. ಎದುರುಮನೆಯ ಶೇಖವ್ವ ಗೋಡೆಯ ಮೇಲಿಂದ ಇಣುಕಿ, “ಯಾರ ಹಡದಾರ ದಾವಲಬಿ? ಖಬರನ ಇಲ್ಲ” ಎಂದಳು.

“ಯಾರೂ ಹಡದಿಲ್ಲ. ಉಂಡಿ ತಿನ್ನಾಕ ಹಡೀಬೇಕೇನ?” ಎಂದು ಅವ್ವ ತಿರುಗಿ ಅಂದಳು.

ನಾಚಿಕೆಯಾಯಿತು. ಒಂದು ತಿಂದು, ಎರಡನೆಯದನ್ನು ವೈನಿಯ ತಟ್ಟೆಗೆ ಜಾರಿಸಿದೆ. ವೈನಿ ಅದನ್ನು ವಾಪಸ್ಸು ಇಟ್ಟಳು. ಅವಳಿಗೆ ಏನೇನೋ ಅಂದೆ. ಅವಳು ಅತ್ತಳು. ಯಾಕೆ ಎಲ್ಲರೂ ನನ್ನ ಬಾಯನ್ನೇ ಕಾಯುತ್ತಾರೆ.

ಜೂನ್ ೨೪

ತಪ್ಪಿಸಿಕೊಂಡೆ. ನಸುಕಿನಲ್ಲಿ ಸೈಕಲ್ ಕೈಯಲ್ಲಿ ಎತ್ತಿಕೊಂಡು ಓಣಿ ದಾಟಿ, ಊರ ಹೊರಗೆ ಹತ್ತಿದೆ. ಬಿತ್ತಿದ ಎರೆಹೊಲದ ವಾಸನೆ, ಎದುರುಗಾಳಿ, ಚೈನಿನ ಸಣ್ಣ ಗುಂಯ್ ಶಬ್ದ. ಕಣ್ಣಲ್ಲಿ ನೀರು ಬಂತು, ಗಾಳಿಗೆ ಎಂದುಕೊಂಡೆ. ಎರಡು ಲಾರಿಗಳನ್ನು ಹಿಂದೆ ಹಾಕಿದೆ.

ಲಕ್ಷ್ಮೇಶ್ವರ ಇನ್ನೂ ಕಾಣುವ ಮೊದಲೇ ಸೊಂಟದಲ್ಲಿ ಏನೋ ಕಿತ್ತುಕೊಂಡಿತು. ಕಾಲು ನೆಲಕ್ಕೆ ಊರಲಾಗಲಿಲ್ಲ. ರಸ್ತೆಯ ಬದಿಯ ಜಾಲಿಯ ಬುಡದಲ್ಲಿ ಸೈಕಲ್ ಮೇಲೆಯೇ ಬಾಗಿ ನಿಂತು ಅಣ್ಣನಿಗೆ ಫೋನು ಮಾಡಿದೆ. ಟಂಟಂ ತಂದ. ನನ್ನನ್ನು ಗಾದಿಗಳ ಮೇಲೆ ಮಲಗಿಸಿ, ಪಕ್ಕದಲ್ಲಿ ಸೈಕಲ್ಲನ್ನೂ ಮಲಗಿಸಿದ. ಕಾಲು ಹಿಡಿದುಕೊಂಡಿದೆ ಎಂದೆ.

“ಕಾಲು ಹಿಡಕೊಂಡವರು ಹಿಂಗ ಅಳೂದಿಲ್ಲಬೇ” ಎಂದ. ಗಾಡಿ ಹಗುರವಾಗಿ ಓಡಿಸಿದ.

ಡಾಕ್ಟರ್‌ಬಾಯಿ ಬಯ್ಯಲಿಲ್ಲ, ಮೊದಲಿನಿಂದ ಶುರು ಎಂದರು. ದೀಪಾವಳಿಯವರೆಗೆ ಸೈಕಲ್ ಮುಟ್ಟುವ ಹಾಗಿಲ್ಲ. ನನಗೆ ಹೆದರಿಕೆಯಾಗಿದೆ. ಸೋಲುವ ಹೆದರಿಕೆ ಅಲ್ಲ, ಅದು ಗೊತ್ತಿರುವಂಥದು. ಕುಂಟುತ್ತ ನಡೆಯುವ ನನ್ನನ್ನು ನಾನೇ ಕಣ್ಣಾರೆ ಕಂಡೆ, ಅದರ ಹೆದರಿಕೆ. ಅವ್ವ ಎರಡು ಉಂಡಿ ಕೊಟ್ಟಳು, ಎರಡನ್ನೂ ತಿಂದೆ.

ಜುಲೈ ೧೬

ವಿಜಯಪುರದಲ್ಲಿ ಅನ್ನಪೂರ್ಣ ಮೊದಲು ಬಂದಳು. ಅವಳೇ ಫೋನು ಮಾಡಿದಳು. ಮುಬಾರಕ್ ಎಂದೆ. “ನೀ ಇದ್ದಿದ್ದರ ನಾ ಎರಡನೇದಾಕಿ” ಎಂದಳು. ಹೌದು ಎಂದು ಬಾಯಿಗೆ ಬಂದಿತ್ತು. ಬಸ್ಸು ಬಂತು ಎಂದು ಸುಳ್ಳು ಹೇಳಿ ಫೋನು ಇಟ್ಟು, ಚಪ್ಪಲಿ ತೆಗೆದು ಗೋಡೆಗೆ ಎಸೆದೆ. ಅಪ್ಪ ಅದನ್ನು ಎತ್ತಿ ತಂದು ಜೋಡಿಯ ಪಕ್ಕದಲ್ಲಿಟ್ಟ.

ಆಗಸ್ಟ್ ೨೧

ಮಳೆ. ಅವ್ವ ಬಿಸಿ ರೊಟ್ಟಿಗೆ ಹಸಿ ಮೆಣಸಿನಕಾಯಿ ಚಟ್ನಿ, ಕೆನೆ ಮೊಸರು ಹಾಕಿದ್ದಳು. ರೊಟ್ಟಿ ಒಲೆಯಿಂದ ಇಳಿಯುವ ಮೊದಲೇ ಕೈ ಚಾಚಿದೆನಂತೆ, ವೈನಿ ನಗುತ್ತಾಳೆ. ಅವಳಿಗೆ ಸೈಕಲ್ ಕಲಿಯುವ ಆಸೆ ಇದೆಯಂತೆ, ಮದುವೆಯಾಗಿ ಬಂದು ಇಷ್ಟು ದಿನವಾದರೂ ಹೇಳಿರಲಿಲ್ಲ. ಹೇಳಿದ್ದಳೋ ಏನೋ, ನಾನು ಮನೆಯಲ್ಲಿದ್ದರಲ್ಲವೇ ಕೇಳಲು. ಮಳೆ ನಿಂತ ಮೇಲೆ ಹಿತ್ತಲಲ್ಲಿ ಅಣ್ಣನ ಹಳೆಯ ಸೈಕಲ್ ಮೇಲೆ ಕೂರಿಸಿ ಹಿಂದೆ ಹಿಡಿದುಕೊಂಡೆ. ಬಿದ್ದಳು, ಕೆಸರಿನಲ್ಲಿ. ನಾಳೆ ಮತ್ತೆ.

ಅಕ್ಟೋಬರ್ ೯

ಅನ್ನಪೂರ್ಣ ಶಿಬಿರದಿಂದ ರಜೆಯ ಮೇಲೆ ಬಂದಿದ್ದಾಳೆ. ಊರಿಗೆ ಹೋಗುವ ಮೊದಲು ಮುಳಗುಂದಕ್ಕೆ ಬಂದಳು. ಬೆನ್ನ ಮೇಲೆ ದೇಶದ ಹೆಸರಿರುವ ಅಂಗಿ. ಅದನ್ನು ನೋಡದಂತೆ ನೋಡಿದೆ. ಅವ್ವ ಊಟಕ್ಕೆ ಕೂರಿಸಿದರೆ, ಅರ್ಧ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯ ತುಂಬ ಹರಡಿದಳು, ತಿಂದಂತೆ ಕಾಣಲಿ ಎಂದು. ಆ ಆಟ ನನಗೆ ಗೊತ್ತು.

ಹಿತ್ತಲಿಗೆ ಕೈ ತೊಳೆಯಲು ಹೋದಾಗ ಕೇಳಿದಳು, “ನಿನಗ ಎಷ್ಟ ತಿಂಗಳಾಗಿತ್ತು?”

ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು.

“ನಿನಗ ಎಷ್ಟ ಆತು?” ಎಂದೆ.

“ಬಂದಿಲ್ಲ ಅಷ್ಟ. ಅರಾಮ ಅದೀನಿ.”

“ನಾನೂ ಅರಾಮ ಇದ್ದೆ. ನಾಳೆ ಡಾಕ್ಟರ್‌ಬಾಯಿ ಕಡೆ ಹೋಗೂಣು ನಡಿ.”

ಅವಳ ಮುಖ ಬದಲಾಯಿತು. “ನಿನಗ ಹೊಟ್ಟಿಕಿಚ್ಚು. ನೀ ಕುಂತಿ, ಅದಕ್ಕ ನಾನೂ ಕುಂಡ್ರಬೇಕು” ಎಂದಳು.

ಹೌದು, ಇದೆ. ಆ ಅಂಗಿ ನೋಡಿದಾಗಿನಿಂದ ಎದೆಯಲ್ಲಿ ಕೆಂಡ ಇದ್ದೇ ಇದೆ. ಇಲ್ಲ ಎಂದು ಹೇಳಲು ಹೋಗಲಿಲ್ಲ. “ಐತಿ. ಅದನ್ನೂ ಕರಕೊಂಡ ಬರ್ತೀನಿ, ನೀ ನಡಿ” ಎಂದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಬಸ್ಸು ಹೊರಟ ಮೇಲೆ ಫೋನು ಬಂತು. ನಾಳೆ ಹತ್ತಕ್ಕೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾಳಂತೆ. ಅವ್ವನಿಗೆ ಅಂಟು ಹುರಿಯಲು ಹೇಳಿದ್ದೇನೆ.

ಡಿಸೆಂಬರ್ ೪

ಬಿರುಕು ಕೂಡಿದೆ. ಹೋದ ವಾರದಿಂದ ಹಗುರವಾಗಿ ತುಳಿಯುತ್ತಿದ್ದೇನೆ. ಕ್ಲಬ್ಬಿನ ಹೊಸ ಹುಡುಗಿಯರು ನನ್ನನ್ನು ಹಿಂದೆ ಹಾಕಿ ಹೋಗುತ್ತಾರೆ, ಹಲ್ಲು ಕಚ್ಚಿಕೊಂಡು ನೋಡುತ್ತೇನೆ. ಕಳಕೇಶ ಸರ್ ಈಗ ಸೋಮವಾರಕ್ಕೊಮ್ಮೆ ಎಲ್ಲರನ್ನೂ ನಿಲ್ಲಿಸಿ, ಮುಖ ಆಕಾಶದ ಕಡೆ ಮಾಡಿ, “ಎಲ್ಲಾರದೂ ಹೊತ್ತಿಗೆ ಸರಿಯಾಗಿ ಐತೇನವಾ? ಇಲ್ಲಾಂದ್ರ ಗುಲ್ನಾಜಗ ಹೇಳ್ರಿ” ಎನ್ನುತ್ತಾರೆ. ಆಕಾಶಕ್ಕೆ ಕೇಳಿದಂತಿರುತ್ತದೆ. ಹುಡುಗಿಯರು ಕಿಸಿಕಿಸಿ ನಗುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ನನ್ನ ಹತ್ತಿರ ಬರುತ್ತಾರೆ. ನನಗೆ ಇದೊಂದು ಹೊಸ ಉದ್ಯೋಗ. ಅನ್ನಪೂರ್ಣಳೂ ಶಿಬಿರ ಬಿಟ್ಟು ಊರಿನಲ್ಲಿದ್ದಾಳೆ. ದಿನಾ ಸಂಜೆ ಫೋನಿನಲ್ಲಿ ಏನು ತಿಂದೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಒಪ್ಪಿಸುತ್ತೇವೆ, ಜಗಳವೂ ಆಡುತ್ತೇವೆ.

ನನ್ನದು ಮಾತ್ರ ಇನ್ನೂ ಬಂದಿಲ್ಲ.

ಫೆಬ್ರವರಿ ೧೯, ೨೦೨೪

ಏಪ್ರಿಲ್ ಕೊನೆಗೆ ಮತ್ತೆ ಆಯ್ಕೆ. ಎಲುಬು ಗಟ್ಟಿಯಾಗುತ್ತ ಬಂದಿವೆ, ಆದರೂ ಡಾಕ್ಟರ್‌ಬಾಯಿಯ ಮಾತು ಅದೇ, ಬಂದ ಮೇಲೆ ಹೆಸರು ಕೊಡು. ಎಲ್ಲ ಮಾಡಿದೆ. ತಿಂದೆ, ಮಲಗಿದೆ, ಓಡುವುದು ಬಿಟ್ಟೆ, ತೂಕ ನೋಡುವುದು ಬಿಟ್ಟೆ. ಸರ್ ಕಣ್ಣಿನಲ್ಲೇ ಕೇಳುತ್ತಾರೆ, ತಲೆ ಅಲ್ಲಾಡಿಸುತ್ತೇನೆ. ಅವ್ವ ಬಟ್ಟೆ ಒಗೆಯುವಾಗ ನನ್ನ ಬಟ್ಟೆಗಳನ್ನು ಬೆಳಕಿಗೆ ಹಿಡಿಯುತ್ತಾಳೆ, ನಾನು ನೋಡಿದರೆ ಬಕೆಟ್ಟಿಗೆ ಹಾಕುತ್ತಾಳೆ. ಒಂದು ವೇಳೆ ಬಾರದೇ ಹೋದರೆ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಸೈಕಲ್ಲಿನ ಮಾತಲ್ಲ ಇದು. ನನ್ನ ಮೈ ನನ್ನೊಂದಿಗೆ ಮಾತು ಬಿಟ್ಟಿದೆ, ಮನೆಯವರೆಲ್ಲ ಸುತ್ತ ಕುಳಿತು ಅದು ಬಾಯಿ ತೆರೆಯಲಿ ಎಂದು ಕಾಯುತ್ತಿದ್ದೇವೆ.

ಮಾರ್ಚ್ ೧೫. ಶುಕ್ರವಾರ

ರಮಜಾನಿನ ಮೊದಲ ಜುಮ್ಮಾ. ಸಹರಿಗೆ ಎರಡು ರೊಟ್ಟಿ, ಮೊಟ್ಟೆ, ಹಾಲು ಎಲ್ಲ ತಿಂದು, ರೋಜಾ ಹಿಡಿದು, ಬಿಸಿಲೇರುವ ಮೊದಲು ಸ್ವಲ್ಪ ತುಳಿದು ಬಂದೆ. ಮಧ್ಯಾಹ್ನ ಬಚ್ಚಲಿಗೆ ಹೋದೆ.

ಅಲ್ಲೇ ಎಷ್ಟು ಹೊತ್ತು ನಿಂತಿದ್ದೆನೋ. ಹೊರಗೆ ಬಂದಾಗ ಅವ್ವ ಅಂಗಳ ಗುಡಿಸುತ್ತಿದ್ದಳು. ಹತ್ತಿರ ಹೋಗಿ ನಿಂತೆ. ಅವಳೇ ನನ್ನ ಮುಖ ನೋಡಿದಳು.

“ರಜಾ?”

“ಹೂಂ, ರಜಾ.”

ಅವ್ವ ಕಸಬರಿಗೆ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಒಳಗೆ ಹೋಗಿ ಒಲೆ ಹೊತ್ತಿಸಿದಳು. ತಾನು ರೋಜಾ, ಬಾಯಿಗೆ ಹನಿ ನೀರಿಲ್ಲ. ನನಗೆ ಬಿಸಿ ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಉಪ್ಪು ನೋಡದೆಯೇ.

ರೋಜಾದ ಹಗಲಿನಲ್ಲಿ ರಜಾದವರು ತಿನ್ನುವುದು ಗಂಡಸರ ಕಣ್ಣಿಗೆ ಬೀಳಬಾರದು. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಸಪ್ಪಳವಿಲ್ಲದೆ ತಿನ್ನಬೇಕು. ಗಂಡಸರೂ ಅಷ್ಟೇ, ಬಾಗಿಲು ಮುಚ್ಚಿದ್ದನ್ನು ಕಂಡರೆ ಏನೂ ತಿಳಿಯದವರಂತೆ ಕೆಮ್ಮಿ ಆಚೆ ಹೋಗುತ್ತಾರೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ವೈನಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ನಾನು ತಿನ್ನಲು ಶುರು ಮಾಡಿದೆ.

ಎರಡನೆಯ ರೊಟ್ಟಿ ಮುರಿಯುವಾಗ ಅಪ್ಪ ಜುಮ್ಮಾ ನಮಾಜು ಮುಗಿಸಿ ಬಂದ. ಚಪ್ಪಲಿ ಬಿಟ್ಟ ಸಪ್ಪಳ, ಪಡಸಾಲೆ ದಾಟಿದ ಸಪ್ಪಳ. ಬಾಗಿಲ ಮುಂದೆ ಬಂದು ಹೆಜ್ಜೆ ನಿಂತಿತು. ನಾನು ಬಾಯಲ್ಲಿದ್ದ ತುತ್ತನ್ನು ಅಗಿಯುವುದು ನಿಲ್ಲಿಸಿದೆ. ಕೆಮ್ಮು ಬರಲಿಲ್ಲ.

“ದಾವಲಬಿ” ಎಂದ.

“ಹಾಂ” ಎಂದಳು ಅವ್ವ, ಹೆದರಿ.

“ಆಕಿ ರೊಟ್ಟಿಗೆ ತುಪ್ಪ ಛಂದಂಗ ಹಾಕು.”

ವೈನಿ ತಲೆ ತಗ್ಗಿಸಿದಳು. ಅವ್ವ ಒಂದು ಕೈಯನ್ನು ಹಿಟ್ಟಿನಲ್ಲಿಟ್ಟುಕೊಂಡು ಹಾಗೇ ಕುಳಿತಿದ್ದಳು. ಆಮೇಲೆ ಬಾಗಿಲ ಕಡೆ ಮುಖ ಮಾಡದೆಯೇ ಕೇಳಿದಳು, “ನಿಮಗ ಯಾರ ಹೇಳಿದ್ರು?”

“ಯಾರ ಹೇಳಬೇಕ? ನಾ ದಿನಾ ಇಲ್ಲೇ ಪಡಸಾಲ್ಯಾಗ ಕುಂತಿರ್ತೀನಿ. ಹೋದ ವರ್ಷ ಇಡೀ ರಮಜಾನ್ ಆಕಿ ಒಂದ ದಿನಾನೂ ಈ ಬಾಗಲದ ಹಿಂದ ಹೋಗಲಿಲ್ಲ.” ಟೊಪ್ಪಿಗೆ ಝಾಡಿಸಿದ ಸಪ್ಪಳ. “ಅವತ್ತಿಂದ ಕಾಯಾಕ ಹತ್ತೇನಿ.”

ಆಮೇಲೆ ಕೆಮ್ಮಿದ. ಹೆಜ್ಜೆಗಳು ಪಡಸಾಲೆಯ ಕಡೆ ಹೋದವು. ಹತ್ತಿ ಬಡಿಯುವ ಸಪ್ಪಳ ಶುರುವಾಯಿತು.

ನಾನು ತಟ್ಟೆಯ ಮೇಲೆ ಬಾಗಿ ಅತ್ತೆ. ಅವ್ವ ತುಪ್ಪ ಹಾಕಿದಳು. ಅಳುತ್ತಲೇ ಮೂರನೆಯ ರೊಟ್ಟಿಯನ್ನೂ ತಿಂದೆ.